ಬೆಳಕು ಹಿಡಿಯುವುದು, ರಕ್ತ ಮರೆಸುವುದು

ಮಾನ್ಯರೇ,

ರಕ್ತದಲ್ಲಿನ ಪ್ರೋಟೀನುಗಳನ್ನು ಬೆಳಕಿನಿಂದ ಗುರುತಿಸುವ ಉಪಕರಣಗಳಾದ ಜೈವಿಕ ಸಂವೇದಕಗಳ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ, ಒಂದು ಹನಿ ರಕ್ತದಲ್ಲೇ ಕ್ಯಾನ್ಸರಿನ ಸುಳಿವು ಸಿಗುವುದಾದರೆ ನಿಮ್ಮ ಅಣ್ಣನವರ ಕಾಯಿಲೆ ಅಷ್ಟು ತಡವಾಗಿ ತಿಳಿದದ್ದೇಕೆ, ಆ ಉಪಕರಣ ಇನ್ನೂ ಪ್ರಯೋಗಾಲಯದಲ್ಲೇ ಉಳಿದದ್ದೇಕೆ ಎಂದು ಕೇಳಿದ್ದೀರಿ. ಲೇಖನ ಈ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟದ್ದು ನಮ್ಮ ತಪ್ಪು.

ಹಿಡಿಯುವ ವಿದ್ಯೆ ಹೊಸದಲ್ಲ. ಗಾಜಿನ ಪಟ್ಟಕಕ್ಕೆ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಲೇಪ ಕೊಟ್ಟು ಗಾಜಿನ ಕಡೆಯಿಂದ ಬೆಳಕು ಹಾಯಿಸಿದರೆ, ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲನ ಬಹುಮಟ್ಟಿಗೆ ಅಡಗಿಹೋಗುತ್ತದೆ. ಚಿನ್ನದ ಮೇಲೆ ಕೂರಿಸಿದ ಪ್ರತಿಕಾಯಗಳು (ನಿರ್ದಿಷ್ಟ ವಸ್ತುವಿಗೇ ಅಂಟಿಕೊಳ್ಳುವ ಪ್ರೋಟೀನುಗಳು) ತಮಗೆ ಒಗ್ಗುವ ಪ್ರೋಟೀನನ್ನು ಹಿಡಿದೊಡನೆ ಆ ಕೋನ ಕೂದಲೆಳೆಯಷ್ಟು ಸರಿಯುತ್ತದೆ. 1983ರಲ್ಲೇ ಸ್ವೀಡನ್ನಿನ ಸಂಶೋಧಕರು ಈ ತತ್ವವನ್ನು ಮಾಡಿ ತೋರಿಸಿದ್ದರು.

ತೊಡಕಿರುವುದು ರಕ್ತದಲ್ಲಿ. ಪ್ರಾಸ್ಟೇಟ್ ಕ್ಯಾನ್ಸರಿನ ಶಂಕೆಗೆ ನೋಡುವ ಪಿಎಸ್ಎ ಪ್ರೋಟೀನನ್ನೇ ತೆಗೆದುಕೊಳ್ಳಿ. ವೈದ್ಯರು ಬಹುಕಾಲ ಗಡಿಯೆಂದು ಇಟ್ಟುಕೊಂಡ ಪ್ರಮಾಣ ಮಿಲಿಲೀಟರಿಗೆ 4 ನ್ಯಾನೊಗ್ರಾಂ. ಅಷ್ಟೇ ರಕ್ತರಸದಲ್ಲಿ ಆಲ್ಬುಮಿನ್ ಎಂಬ ಸಾಮಾನ್ಯ ಪ್ರೋಟೀನು 40 ಮಿಲಿಗ್ರಾಂನಷ್ಟು, ಅಂದರೆ ಅದರ ಕೋಟಿ ಪಟ್ಟು ಇರುತ್ತದೆ. ಈ ಆಲ್ಬುಮಿನ್ ಪ್ರತಿಕಾಯದ ಹಂಗಿಲ್ಲದೆ ಚಿನ್ನಕ್ಕೆ ಮೆತ್ತಿಕೊಳ್ಳುತ್ತದೆ, ಮತ್ತು ಕೋನ ಸರಿದದ್ದನ್ನಷ್ಟೇ ಹೇಳಬಲ್ಲ ಬೆಳಕಿಗೆ ಅಂಟಿಕೊಂಡದ್ದು ಯಾವುದೆಂಬ ಭೇದ ತಿಳಿಯದು. ದ್ರವ ತುಸು ಬಿಸಿಯಾದರೂ ಸಾಕು, ಅದು ಬೆಳಕನ್ನು ಬಾಗಿಸುವ ಪ್ರಮಾಣ, ಅಂದರೆ ವಕ್ರೀಭವನ ಸೂಚ್ಯಂಕ, ಬದಲಾಗಿ ಕೋನ ಸರಿಯುತ್ತದೆ. ಆದ್ದರಿಂದಲೇ ಸಂಶೋಧಕರು ಬೇಡದ ಪ್ರೋಟೀನುಗಳನ್ನು ದೂರವಿಡುವ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಲೇಪಗಳಿಗಾಗಿ ಹೆಣಗುತ್ತಾರೆ. ಪಿಎಸ್ಎಯನ್ನು ಹಿಡಿಯುವ ಪ್ರತಿಕಾಯವಿಲ್ಲದ, ಅದೇ ದ್ರವ ಹರಿಯುವ ಇನ್ನೊಂದು ಕಿರುಕಾಲುವೆಯನ್ನು ಪಕ್ಕದಲ್ಲೇ ಇಟ್ಟು, ಅಲ್ಲಿ ಬಂದ ಅಳತೆಯನ್ನು ಇಲ್ಲಿಯದರಿಂದ ಕಳೆಯುತ್ತಾರೆ. ಯಾರ ಕಣ್ಣಿಗೂ ಬೀಳದ ಈ ಕೆಲಸವೇ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಳತೆ ಸರಿಯಾಗಿದ್ದರೂ ಅದರ ಅರ್ಥವೇನೆಂಬುದು ಉಳಿದೇ ಇರುತ್ತದೆ. ಪ್ರಾಸ್ಟೇಟ್ ಗ್ರಂಥಿ ವಯೋಸಹಜವಾಗಿ ದೊಡ್ಡದಾದರೂ, ಅದಕ್ಕೆ ಸೋಂಕು ತಗುಲಿದರೂ ಪಿಎಸ್ಎ ಏರಬಹುದು. 1000 ಜನರಲ್ಲಿ 5 ಮಂದಿಗೆ ಕಾಯಿಲೆಯಿದೆ ಎಂದಿಟ್ಟುಕೊಳ್ಳಿ. ಕಾಯಿಲೆಯಿದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 95 ಸಲ ಸರಿಯಾಗಿ ಹೇಳುವ ಪರೀಕ್ಷೆ ಆ ಐವರನ್ನು ಬಹುತೇಕ ಹಿಡಿದೀತು. ಜೊತೆಗೆ ಆರೋಗ್ಯವಂತರಾದ ಸುಮಾರು 50 ಜನರ ಕಡೆಗೂ ಬೆರಳು ತೋರಿಸೀತು. ಅವರೆಲ್ಲ ಸೂಜಿಯ ಬಯಾಪ್ಸಿಯನ್ನೂ ಫಲಿತಾಂಶ ಬರುವ ತನಕದ ನಿದ್ದೆಯಿಲ್ಲದ ರಾತ್ರಿಗಳನ್ನೂ ಹಾಯಬೇಕಾಗಬಹುದು. ಹಲವು ಪ್ರೋಟೀನುಗಳನ್ನು ಒಂದೇ ಚಿಪ್ ಮೇಲೆ ಒಟ್ಟಿಗೆ ಅಳೆಯುವ ಪ್ರಯತ್ನ ನಡೆದಿರುವುದು ಇದನ್ನು ತಗ್ಗಿಸಲೆಂದೇ.

ಲೇಖನದಲ್ಲಿ ವರ್ಣಿಸಿದ ಉಪಕರಣ ಎಲ್ಲೋ ಸಿದ್ಧವಾಗಿದ್ದು, ನಿಮ್ಮ ಅಣ್ಣನವರಿಗೆ ಯಾರೋ ಅದನ್ನು ಬಳಸದೆ ಬಿಟ್ಟರೆಂದು ದಯವಿಟ್ಟು ಎಣಿಸಬೇಡಿ. ಹಾಗೆ ತೋರುವಂತೆ ಬರೆದವರು ನಾವು, ಕ್ಷಮಿಸಿ.

— ಸಂಪಾದಕರು