ಬೆನ್ನುಮೂಳೆ ಆಪರೇಷನ್ ಆದಮೇಲೆ ಸ್ನಾಯುವಿನೊಳಗೆ ಮೂಳೆ ಬೆಳೆದಿದೆಯಂತೆ. ಮಸಾಜ್ ಮಾಡಿದರೆ ಕರಗುತ್ತಾ?

ಇಲ್ಲ, ಕರಗುವುದಿಲ್ಲ. ದಯವಿಟ್ಟು ಮಸಾಜ್ ಇವತ್ತೇ ನಿಲ್ಲಿಸಿ. ನಾನು ಫಿಸಿಯೋಥೆರಪಿಸ್ಟ್. ನಿಮ್ಮ ತಂದೆಯವರ ಗಾಯದ ಪಕ್ಕ ಗಟ್ಟಿ ಗಂಟಿದೆ, ಎಕ್ಸ್-ರೇಯಲ್ಲಿ ಮೂಳೆ ಕಂಡಿದೆ, ಆಪರೇಷನ್ ಆಗಿ ಎರಡು ತಿಂಗಳು ಅಂತ ಬರೆದಿದ್ದೀರಿ. ಅಂಥ ಜಾಗವನ್ನು ಜೋರಾಗಿ ಒತ್ತಿ ತಿಕ್ಕಿದರೆ ಸ್ನಾಯುವಿಗೆ ಮತ್ತೆ ಪೆಟ್ಟಾಗುತ್ತದೆ. ಪೆಟ್ಟಿನಿಂದಲೇ ಅಲ್ವಾ ಇದು ಶುರುವಾಗುವುದು?

ಇದನ್ನು ಹೆಟೆರೋಟೋಪಿಕ್ ಆಸಿಫಿಕೇಶನ್ ಅನ್ನುತ್ತಾರೆ. ಬರೀ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದಲ್ಲ, ನಿಜವಾದ ಮೂಳೆಯೇ. ಆಪರೇಷನ್ ವೇಳೆ ಬೆನ್ನಿನ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಪಕ್ಕಕ್ಕೆ ಎಳೆದು ಹಿಡಿಯುತ್ತಾರೆ. ಅಲ್ಲಿ ರಕ್ತ ಕಟ್ಟಿ ಊತ ಬರುತ್ತದೆ. ಗಾಯ ಮಾಯಿಸಬೇಕಾದ ಜೀವಕೋಶಗಳಲ್ಲಿ ಕೆಲವು ಮೂಳೆ ಕಟ್ಟುವುದಕ್ಕೆ ಇಳಿಯುತ್ತವೆ. ಮೂಳೆಗಳನ್ನು ಬೆಸೆಯಲು ಬಿಎಂಪಿ ಅನ್ನೋ ಪ್ರೋಟೀನ್ ಹಾಕಿದ್ದರೆ ಬೇಡದ ಕಡೆಯೂ ಮೂಳೆ ಎದ್ದೀತು. ಖನಿಜ ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇಟ್ಟರೆ ಅಲ್ಲೇ ಹೊಸ ಮೂಳೆ ಹುಟ್ಟುತ್ತದೆ ಅಂತ ಅಮೆರಿಕದ ಮೂಳೆ ಸರ್ಜನ್ ಮಾರ್ಷಲ್ ಯೂರಿಸ್ಟ್ 1965ರಲ್ಲೇ ತೋರಿಸಿದ್ದರು. ಅದರ ಹಿಂದಿದ್ದದ್ದು ಈ ಪ್ರೋಟೀನೇ. ತಂದೆಯವರಿಗೆ ಅದನ್ನು ಬಳಸಿದ್ದರಾ ಅಂತ ಸರ್ಜನ್‌ರನ್ನು ಕೇಳಿ.

ಮೊದಮೊದಲು ಇಂಥ ಗಂಟು ಬೆಚ್ಚಗಿರುತ್ತದೆ. ಮುಟ್ಟಿದರೆ ನೋವು, ಅಂಚು ಎಲ್ಲಿ ಅಂತ ಬೆರಳಿಗೆ ಸಿಗುವುದಿಲ್ಲ. ಬರಬರುತ್ತಾ ಬಿಸಿ ಇಳಿದು ಅಂಚು ಗಟ್ಟಿಯಾಗುತ್ತದೆ. ತೊಂದರೆ ಏನೆಂದರೆ, ಒಳಗೆ ಕೀವಾದರೂ ಮೊದಲು ಹೀಗೇ ಇರುತ್ತದೆ. ಜ್ವರ ಬಂದರೆ, ಗಾಯ ಸೋರಿದರೆ ಕಾಯಬೇಡಿ.

ಕ್ಯಾನ್ಸರಾ ಅಂತಲೂ ಕೇಳಿದ್ದೀರಿ. ಆ ಭಯ ನನಗೆ ಅರ್ಥವಾಗುತ್ತದೆ. ಸಿಟಿ ಸ್ಕ್ಯಾನ್ ಇಲ್ಲಿ ತುಂಬಾ ಸಹಾಯ ಮಾಡುತ್ತದೆ. ಈ ಮೂಳೆ ಹೆಚ್ಚಾಗಿ ಹೊರಗಿನಿಂದ ಒಳಕ್ಕೆ ಬಲಿಯುತ್ತದೆ, ಮೊಟ್ಟೆಯ ಚಿಪ್ಪಿನ ಹಾಗೆ ಸುತ್ತ ಬಿಳಿ ಗೆರೆ ಕಾಣುತ್ತದೆ. ಮೂಳೆ ಕಟ್ಟುವ ಕ್ಯಾನ್ಸರ್ ಗಡ್ಡೆಯಲ್ಲಿ ಸಾಮಾನ್ಯವಾಗಿ ನಡುಭಾಗವೇ ಹೆಚ್ಚು ಗಟ್ಟಿ.

ನೋವು, ಊತ ಇಳಿಸುವ ಇಂಡೋಮೆಥಾಸಿನ್ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. ಇದನ್ನು ತಡೆಯಲು ಅದನ್ನು ಬಳಸುತ್ತಾರೆ, ನಿಜ. ಆದರೆ ಮೂಳೆ ಬೆಸೆದಿದ್ದರೆ ಆ ಬೆಸುಗೆ ಕೂಡಿಕೊಳ್ಳುವುದೂ ನಿಧಾನವಾಗಬಹುದು.

ಎಷ್ಟೋ ಜನರಿಗೆ ಇದನ್ನು ತೆಗೆಸುವ ಅಗತ್ಯವೇ ಬರುವುದಿಲ್ಲ. ತೆಗೆಯಲೇಬೇಕಾದರೂ ಮೂಳೆ ಪೂರ್ತಿ ಬಲಿಯಲಿ ಅಂತ ಸಾಮಾನ್ಯವಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಅಲ್ಲಿಯವರೆಗೆ ಸರ್ಜನ್ ಒಪ್ಪಿದಷ್ಟು, ನೋವು ಜಾಸ್ತಿಯಾಗದಷ್ಟು ನಡೆಯಲಿ. ಕಾಲಿನ ಬಲ ಕುಗ್ಗಿದರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕೂರದೆ ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.