ಸೊರಾರಿಟಿ ಮನೆ ರಿಪೇರಿಗೆ, ಪೀಠೋಪಕರಣಕ್ಕೆ ಹಳೆಯ ಸದಸ್ಯೆಯರಿಂದ ಹಣ ಎತ್ತುವುದು ಹೇಗೆ? ಮೇಲ್ ಹಾಕಿದರೆ ಯಾರೂ ಉತ್ತರಿಸುತ್ತಿಲ್ಲ

ನೂರಾರು ಜನಕ್ಕೆ ಒಟ್ಟಿಗೆ ಹೋದ ಮೇಲನ್ನು ಯಾರೂ ತನಗೇ ಬಂದದ್ದು ಅಂದುಕೊಳ್ಳುವುದಿಲ್ಲ. ನಾನು ಹಾಸನದ ಕಡೆಯವಳು. ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಓದುವಾಗ ಸೊರಾರಿಟಿ, ಅಂದರೆ ಕಾಲೇಜು ಹುಡುಗಿಯರು ಸದಸ್ಯೆಯರಾಗಿ ಒಂದೇ ಮನೆಯಲ್ಲಿ ಇರುವ ಸಂಘ, ಸೇರಿದ್ದೆ. ಆಮೇಲೆ ಮೂರು ವರ್ಷ ನಮ್ಮ ಹೌಸ್ ಕಾರ್ಪೊರೇಷನ್ನಿನ, ಅಂದರೆ ಕಟ್ಟಡದ ಹೊಣೆ ಹೊತ್ತ ಹಳಬರ ಮಂಡಳಿಯ, ಖಜಾಂಚಿಯಾಗಿದ್ದೆ. ಅಮ್ಮನಿಗೆ ಇವತ್ತಿಗೂ ಅದು 'ನೀನಿದ್ದ ಲೇಡೀಸ್ ಹಾಸ್ಟೆಲ್ಲು'.

ನಾವೂ ಮೊದಲು ಮೇಲನ್ನೇ ಕಳಿಸಿದ್ದು. ಎರಡು ತಿಂಗಳಲ್ಲಿ ಬಂದದ್ದು ಹನ್ನೊಂದು ಚೆಕ್. ಆಗ ನೆನಪಾದದ್ದು ಊರಿನ ಗಣೇಶನ ಚಂದಾ. ನಮ್ಮ ಬೀದಿಯ ಹುಡುಗರು ಮೊದಲು ಹೋಗುತ್ತಿದ್ದದ್ದು ರೈಸ್ ಮಿಲ್ಲಿನವರ ಮನೆಗೆ. ರಸೀದಿ ಪುಸ್ತಕದ ಮೊದಲ ಹಾಳೆಯಲ್ಲಿ ಐನೂರು ಅಂತ ಬಿದ್ದರೆ, ಆಮೇಲಿನ ಮನೆಯವರಿಗೆ ಹತ್ತು ರೂಪಾಯಿ ಕೊಡಲು ಸಂಕೋಚ. ಹನಿಹನಿಗೂಡಿದರೆ ಹಳ್ಳ ಅನ್ನುವುದು ಈ ಕೆಲಸಕ್ಕೆ ಹೊಂದುವುದಿಲ್ಲ. ಎಲ್ಲರಿಗೂ ಸಾರುವ ಮೊದಲೇ ಗುರಿಯ ಅರ್ಧದಷ್ಟಕ್ಕಾದರೂ ಹತ್ತು ಹದಿನೈದು ಜನರಿಂದ ಮಾತು ತೆಗೆದುಕೊಂಡಿರಿ. ಮೂರು ವರ್ಷಕ್ಕೆ ಹಂಚಿ ಕೊಡಲು ಅವಕಾಶವಿರಲಿ. ಮೊದಲ ಚೆಕ್ ಮಂಡಳಿಯವರದ್ದೇ ಆಗಿರಲಿ, ಮೊತ್ತ ಎಷ್ಟಾದರೂ ಸರಿ.

ಆ ಹತ್ತು ಹದಿನೈದು ಜನರನ್ನು ಹಿಡಿಯುವುದು ಹೇಗೆ? ನಮ್ಮ ನೆಲಮಾಳಿಗೆಯಲ್ಲಿ ಹಳೆಯ ಕಾಂಪೊಸಿಟ್‌ಗಳು, ಒಂದೊಂದು ವರ್ಷದ ಎಲ್ಲ ಹುಡುಗಿಯರ ಫೋಟೊ ಜೋಡಿಸಿದ ದೊಡ್ಡ ಫ್ರೇಮುಗಳು, ಗೋಡೆಗೆ ಒರಗಿ ಬಿದ್ದಿದ್ದವು. 1971ರದ್ದನ್ನು ಒರೆಸಿ, ಒಂದು ಸಾಲನ್ನಷ್ಟೇ ಮೊಬೈಲಿನಲ್ಲಿ ಹಿಡಿದು, ಆ ಸಾಲಿನಲ್ಲಿದ್ದ ಒಬ್ಬರಿಗೆ ಕಳಿಸಿ, ಮರುದಿನ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ನಾನು ದುಡ್ಡಿನ ಮಾತೇ ಎತ್ತಲಿಲ್ಲ. ಮಹಡಿ ಮೆಟ್ಟಿಲ ತಿರುವಿನಲ್ಲಿ ಕಿಟಕಿ ಪಕ್ಕದ ಕಟ್ಟೆ, ಅಲ್ಲಿದ್ದ ಒಂದೇ ಒಂದು ಫೋನು, ಭಾನುವಾರ ರಾತ್ರಿ ಅದಕ್ಕೆ ಕ್ಯೂ — ಅವರೇ ಹೇಳುತ್ತ ಹೋದರು. "ಆ ಕಟ್ಟೆ ಈಗಲೂ ಇದೆಯಾ?" ಇದೆ, ದಿಂಬು ಹರಿದು ಸ್ಪಂಜು ಹೊರಗೆ ಬಂದಿದೆ, ಟೇಪ್ ಸುತ್ತಿದ್ದೇವೆ ಅಂದೆ. ಕಟ್ಟೆ, ಕಿಟಕಿ, ದೀಪ ಎಲ್ಲದರ ಖರ್ಚೂ ಅವರದೇ ಆಯಿತು. ಜೊತೆಗೆ ಮೂವರು ಗೆಳತಿಯರ ನಂಬರ್ ಕೊಟ್ಟರು. ದುಡ್ಡಿಗಿಂತ ನನಗೆ ಬೇಕಿದ್ದದ್ದು ಆ ನಂಬರುಗಳೇ.

ಹಾಗಾಗಿ 'ನವೀಕರಣ ನಿಧಿ' ಅಂತ ಕೇಳಬೇಡಿ, ವಸ್ತು ಹೇಳಿ ಕೇಳಿ. ಊಟದ ಕುರ್ಚಿ ಒಂದಕ್ಕೆ 250 ಡಾಲರ್ ಅಂತ ನಾವು ಇಟ್ಟಾಗ ಕಿರಿಯ ಬ್ಯಾಚಿನವರೂ ಬಂದರು. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪಿಗೆ, ಚಾವಣಿಗೆ ಯಾರೂ ಖುಷಿಯಿಂದ ಕೊಡುವುದಿಲ್ಲ. ಅವನ್ನು ಬಾಡಿಗೆಯ ಉಳಿತಾಯದಲ್ಲೋ ಸಾಲದಲ್ಲೋ ಮುಗಿಸಿ. ಅಂದ ಹಾಗೆ, ಸೋಫಾ ಕೊಳ್ಳುವಾಗ ಮನೆಗೆ ಮಾರುವಂಥದ್ದು ಬೇಡ, ಹೋಟೆಲು, ಹಾಸ್ಟೆಲಿಗೆ ಮಾಡುವ ಗಟ್ಟಿ ಮಾಲೇ ಬೇಕು. ಅರವತ್ತು ಹುಡುಗಿಯರು ಕೂತೆದ್ದರೆ ಮಾಮೂಲಿ ಸೋಫಾ ಎರಡು ವರ್ಷ ಬಾಳುವುದಿಲ್ಲ.

ತೆರಿಗೆ ವಿಷಯದಲ್ಲಿ ನಾನು ಎಡವಿದ್ದೆ. ಸೋಫಾಕ್ಕೆ ಕೊಟ್ಟವರೊಬ್ಬರಿಗೆ 'ವಿನಾಯಿತಿ ಸಿಗುತ್ತೆ' ಅಂದುಬಿಟ್ಟು, ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ಸೊರಾರಿಟಿ, ಹೌಸ್ ಕಾರ್ಪೊರೇಷನ್ ಅಮೆರಿಕದ ತೆರಿಗೆ ಕಾನೂನಿನಲ್ಲಿ ಸಾಮಾನ್ಯವಾಗಿ 501(ಸಿ)(7), ಅಂದರೆ ಸೋಷಿಯಲ್ ಕ್ಲಬ್ ಲೆಕ್ಕ. ಅವಕ್ಕೆ ಕೊಟ್ಟ ದೇಣಿಗೆಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಇಲ್ಲ. ಮನವಿ ಪತ್ರದಲ್ಲೇ ಅದನ್ನು ಎದ್ದು ಕಾಣುವಂತೆ ಬರೆಯಿರಿ. ನಿಮ್ಮ ಸೊರಾರಿಟಿಯ ರಾಷ್ಟ್ರೀಯ ಸಂಸ್ಥೆಗೆ 501(ಸಿ)(3) ಫೌಂಡೇಶನ್, ಅಂದರೆ ದೇಣಿಗೆಗೆ ವಿನಾಯಿತಿ ಇರುವ ದತ್ತಿ ಸಂಸ್ಥೆ, ಇದ್ದರೆ ಓದುವ ಕೋಣೆ, ಮೇಜು, ಪುಸ್ತಕದ ಕಪಾಟಿನಂಥ ಶಿಕ್ಷಣದ ಭಾಗಕ್ಕೆ ಅದರ ಮೂಲಕ ಹಣ ತರಬಹುದು, ಟಿವಿ ಮುಂದಿನ ಸೋಫಾಕ್ಕಲ್ಲ. ಮೊದಲೇ ಅವರನ್ನು, ಒಬ್ಬ ಸಿಪಿಎಯನ್ನು (ಅಲ್ಲಿನ ಲೆಕ್ಕಪರಿಶೋಧಕರು) ಕೇಳಿ ಖಾತೆ ಬೇರೆ ಮಾಡಿಕೊಳ್ಳಿ.

ಕೊಟ್ಟವರ ಹೆಸರಿನ ಹಿತ್ತಾಳೆ ಪಟ್ಟಿಯನ್ನು ಕುರ್ಚಿಯ ಬೆನ್ನಿಗೇ ಹೊಡೆಸಿ. ನಾವು ಸೀಟಿನ ಕೆಳಗೆ ಹೊಡೆಸಿದ್ದೆವು. ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬರುವ ಹೋಮ್‌ಕಮಿಂಗ್ ದಿನ ಎಪ್ಪತ್ತರ ಆಸುಪಾಸಿನ ಹೆಂಗಸರೆಲ್ಲ ಒಂದೊಂದೇ ಕುರ್ಚಿ ಮಗುಚಿ ಹಾಕಿ ಹೆಸರು ಹುಡುಕುತ್ತಿದ್ದರು, ಊಟ ಅರ್ಧ ಗಂಟೆ ತಡವಾಯಿತು.