ಪಾಸ್‌ವರ್ಡ್ ಮೊದಲು ಮಗಳ ಕೈಗೆ ಕೊಡಿ

ಸಾಗರದ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಬರೆದ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಓದಿದೆ, ಎತ್ತಿಟ್ಟೆ, ರಾತ್ರಿ ನಿದ್ದೆ ಬಾರದೆ ಎದ್ದು ಮತ್ತೆ ಓದಿದೆ. ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ವಿಷಯ ಇಷ್ಟು. ಆಕೆ ಹೈಸ್ಕೂಲ್ ಟೀಚರ್. ಯಜಮಾನರಿಗೆ ನಾಲ್ಕು ಎಕರೆ ಅಡಿಕೆ ತೋಟ. ಒಬ್ಬಳೇ ಮಗಳು, ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎರಡನೇ ಪಿಯುಸಿ ಓದುತ್ತಿದ್ದಾಳೆ. ಬಯಾಲಜಿ ಅಂದರೆ ಪ್ರಾಣ, ಕಥೆಗಳನ್ನೂ ಬರೆಯುತ್ತಾಳೆ. ಎರಡನ್ನೂ ಬಿಡದೆ ಓದಬೇಕು ಎಂದು ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳನ್ನು ತಾನೇ ಹುಡುಕಿಕೊಂಡಿದ್ದಾಳೆ. ವಿಲಿಯಮ್ಸ್, ಸ್ವಾರ್ತ್‌ಮೋರ್, ಬೋಡನ್. ಮೂರರಲ್ಲಿ ಒಂದಕ್ಕೆ ನವೆಂಬರ್ ಮಧ್ಯದೊಳಗೆ 'ಅರ್ಲಿ ಡಿಸಿಷನ್' ಅರ್ಜಿ ಹೋಗಬೇಕು. ಬೆಂಗಳೂರಿನ ಕನ್ಸಲ್ಟೆಂಟ್ ವಿಲಿಯಮ್ಸ್ ಅನ್ನುತ್ತಾರೆ, ರ್‍ಯಾಂಕ್ ಮೇಲಿದೆ ಅಂತ. ನ್ಯೂಜೆರ್ಸಿಯಲ್ಲಿರುವ ಭಾವ ಸ್ವಾರ್ತ್‌ಮೋರ್ ಅನ್ನುತ್ತಾರೆ, ಅವರ ಮನೆಗೆ ಹತ್ತಿರ ಅಂತ. ಮಗಳಿಗೆ ಬೋಡನ್ ಇಷ್ಟ. ಯಜಮಾನರು 'ಸೈನ್ಸ್ ಓದೋಕೆ ಆರ್ಟ್ಸ್ ಕಾಲೇಜಿಗೆ ಯಾಕೆ ಹೋಗಬೇಕು' ಎಂದು ಒಮ್ಮೆ ಕೇಳಿ ಸುಮ್ಮನಾದರಂತೆ. ಯಾವುದಕ್ಕೆ ಹಾಕಲಿ, ನೀವೇ ಹೇಳಿ ಎಂದು ಕೇಳಿದ್ದೀರಿ.

ಹೇಳುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಪತ್ರದ ಮೂರನೇ ಪುಟದ ಕೊನೆಗೆ ಬನ್ನಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದೀರಿ: 'ಕಾಲೇಜಿನಿಂದ ಹಣದ ನೆರವು ಬೇಡ ಅಂತ ಅರ್ಜಿಯಲ್ಲಿ ಹಾಕಿಸಿದ್ದೇವೆ. ಹಾಗೆ ಹಾಕಿದರೆ ಸೀಟು ಸಿಗೋದು ಸುಲಭವಂತೆ. ಸೇರಿದ ಮೇಲೆ ಕೇಳಿದರಾಯಿತು ಅಂದರು ಭಾವ. ಹೇಗೂ ತೋಟ ಇದೆ. ಮಗಳಿಗೆ ಇದೆಲ್ಲ ಹೇಳಿಲ್ಲ, ಓದಿಗೆ ತೊಂದರೆ ಆಗಬಾರದು ಅಂತ. ಅರ್ಜಿಯ ಪಾಸ್‌ವರ್ಡ್ ಕನ್ಸಲ್ಟೆಂಟ್ ಹತ್ತಿರವೇ ಇದೆ.'

ಆರು ಸಾಲು. ನಿಮ್ಮ ಇಡೀ ಸಮಸ್ಯೆ ಇರುವುದು ಈ ಆರು ಸಾಲಿನಲ್ಲಿ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಈ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ ಸುಮಾರು 90,000 ಡಾಲರ್. ನಮ್ಮ ಹಣದಲ್ಲಿ 75 ಲಕ್ಷ ರೂಪಾಯಿಗೆ ಕಡಿಮೆ ಇಲ್ಲ. ನಾಲ್ಕು ವರ್ಷಕ್ಕೆ 3 ಕೋಟಿ ದಾಟುತ್ತದೆ. ಕೊಳೆ ರೋಗ ಒಂದು ಮಳೆಗಾಲ ಜೋರಾಗಿ ಬಂದರೆ ಫಸಲು ಅರ್ಧಕ್ಕಿಳಿಯುವ, ಈಗ ಎಲೆಚುಕ್ಕಿಯೂ ಸೇರಿಕೊಂಡಿರುವ ನಾಲ್ಕು ಎಕರೆ ತೋಟ ಇದನ್ನು ಹೊರುತ್ತದೆಯೇ? 'ಅಲ್ಲಿ ಪಾರ್ಟ್‌ಟೈಮ್ ಮಾಡಿಕೊಳ್ಳುತ್ತಾಳೆ' ಎಂದೂ ಭಾವ ಹೇಳಿದ್ದಾರಂತೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದರಲ್ಲಿ ಪುಸ್ತಕ, ಬಟ್ಟೆಯ ಖರ್ಚು ಹುಟ್ಟಬಹುದು, 75 ಲಕ್ಷ ಹುಟ್ಟುವುದಿಲ್ಲ.

ಇನ್ನು 'ಸೇರಿದ ಮೇಲೆ ಕೇಳಿದರಾಯಿತು' ಎಂಬ ಮಾತು. ಇಂಥ ಬಹಳಷ್ಟು ಕಾಲೇಜುಗಳಲ್ಲಿ ಹೊರದೇಶದ ವಿದ್ಯಾರ್ಥಿ ಅರ್ಜಿ ಹಾಕುವಾಗ ನೆರವು ಕೇಳದಿದ್ದರೆ ಆಮೇಲೆ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ. ಇದೇನೂ ಗುಟ್ಟಲ್ಲ, ಅವರ ವೆಬ್‌ಸೈಟಿನಲ್ಲೇ ಬರೆದಿರುತ್ತಾರೆ.

ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟ ಹಾಗೆ. ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಮಗಳು, ನೀವು, ಅವಳ ಕಾಲೇಜಿನವರು ಮೂವರೂ ಸಹಿ ಹಾಕಬೇಕು. ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ. ಈ ಒಪ್ಪಂದದಿಂದ ಮರ್ಯಾದೆಯಾಗಿ ಹೊರಗೆ ಬರಲು ಇರುವ ಬಾಗಿಲು ಒಂದೇ: ನೀವು ಕೊಟ್ಟ ನೆರವು ನಮಗೆ ಸಾಲುವುದಿಲ್ಲ ಎನ್ನುವುದು. ನೆರವನ್ನೇ ಕೇಳದವರು ಆ ಮಾತು ಹೇಳುವುದು ಹೇಗೆ? ಮನೆಯ ಪರಿಸ್ಥಿತಿ ಏನೂ ಗೊತ್ತಿಲ್ಲದ ಹದಿನೇಳು ವರ್ಷದ ಹುಡುಗಿಯಿಂದ ಸಹಿ ಹಾಕಿಸಿ, ಅವಳ ಹಿಂದಿನ ಬಾಗಿಲನ್ನೂ ನೀವೇ ಮುಚ್ಚುತ್ತಿದ್ದೀರಿ.

ಕನ್ಸಲ್ಟೆಂಟ್ ಮೇಲೆ ನನಗೆ ಅಷ್ಟು ಕೋಪವಿಲ್ಲ. 'ನಮ್ಮ ವಿದ್ಯಾರ್ಥಿಗೆ ವಿಲಿಯಮ್ಸ್ ಸಿಕ್ಕಿತು' ಎಂದು ಬೋರ್ಡ್ ಹಾಕಿದರೆ ಅವರ ಹೊಟ್ಟೆಪಾಡು ನಡೆಯುತ್ತದೆ. ಕೋಪ ಇರುವುದು ನಿಮ್ಮ ಭಾವನ ಮೇಲೆ. ಅಮೆರಿಕದಲ್ಲೇ ಇರುವವರು, ಅಲ್ಲಿನ ಕಾಲೇಜು ಖರ್ಚು ಏನು ಅಂತ ಬಲ್ಲವರು. ಊರಲ್ಲಿ ಕೂತ ನಾದಿನಿಗೆ 'ಆಮೇಲೆ ನೋಡಿಕೊಳ್ಳೋಣ' ಅನ್ನುವ ಬದಲು ಒಂದು ಸಂಜೆ ಕೂತು ಕಾಲೇಜಿನ ಪುಟ ಓದಿ ಹೇಳಬಹುದಿತ್ತಲ್ವಾ? ನೋಡಿಕೊಳ್ಳುವವರು ಅವರಾದರೆ ಎಷ್ಟು ಕೊಡುತ್ತೇನೆ ಎಂದು ಬರೆದುಕೊಡಲಿ. ಇಲ್ಲವಾದರೆ ಈ ಮಾತಿನಿಂದ ದೂರ ಇರಲಿ.

ನಿಮ್ಮ ಯಜಮಾನರ ಬಗ್ಗೆ ನನಗೆ ನಿಮಗಿಂತ ಜಾಸ್ತಿ ಮರುಕ. ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೂ ಯಾರೂ ಉತ್ತರ ಕೊಡಲಿಲ್ಲ. ಅವರಿಗೆ ನಾನು ಹೇಳುತ್ತೇನೆ. ಹೆಸರಿನಲ್ಲಿ ಆರ್ಟ್ಸ್ ಇದ್ದರೂ ಅಲ್ಲಿ ವಿಜ್ಞಾನ ಗಟ್ಟಿಯಾಗಿಯೇ ಇದೆ. 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಜೆನ್ನಿಫರ್ ಡೌಡ್ನಾ ಓದಿದ್ದು ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ. 1989ರಲ್ಲಿ ಅದೇ ನೊಬೆಲ್ ಪಡೆದ ಥಾಮಸ್ ಚೆಕ್ ಓದಿದ್ದು ಐಯೋವಾದ ಮೆಕ್ಕೆಜೋಳದ ಹೊಲಗಳ ನಡುವಿನ ಗ್ರಿನೆಲ್‌ನಲ್ಲಿ. ಎರಡೂ ಇದೇ ಜಾತಿಯ ಸಣ್ಣ ಕಾಲೇಜುಗಳು. ಹುಡುಗರು ಕಡಿಮೆ ಇರುವುದರಿಂದ ಪ್ರೊಫೆಸರ್ ಜೊತೆ ಮೊದಲ ವರ್ಷದಿಂದಲೇ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆ. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಅಂತ ಇದೆ, ಇಬ್ಬರು ವಿದ್ಯಾರ್ಥಿಗಳಿಗೆ ಒಬ್ಬರು ಪ್ರೊಫೆಸರ್. ಒಂದು ವಾರ ಒಬ್ಬರು ಪ್ರಬಂಧ ಬರೆದು ತಂದರೆ ಇನ್ನೊಬ್ಬರು ಅದನ್ನು ವಿಮರ್ಶೆ ಮಾಡಬೇಕು, ಮುಂದಿನ ವಾರ ಅದಲುಬದಲು. ಸ್ವಾರ್ತ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರಿಗೆ ಗ್ರೇಡ್ ಲೆಕ್ಕವೇ ಇಲ್ಲ, ಹೊಸ ಮಕ್ಕಳು ಹೆದರದೆ ಹೊಂದಿಕೊಳ್ಳಲಿ ಅಂತ. ನಿಮ್ಮ ಮಗಳು ಆಸೆಪಟ್ಟಿದ್ದು ಸುಮ್ನೆ ಅಲ್ಲ.

ಆದರೆ ಅರ್ಜಿಗೆ ಅವಳು ಬರೆದ ಪ್ರಬಂಧ ಏನು ಅಂತ ನೀವೇ ಹೇಳಿದ್ದೀರಿ. ಅಪ್ಪ ಮೈಲುತುತ್ತು, ಸುಣ್ಣ ಕಲಸಿ ಮದ್ದು ಹೊಡೆಸುವುದು, ಅಡಿಕೆ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸುವುದು, ಆದರೂ ಆಷಾಢದ ಮಳೆಯಲ್ಲಿ ಅಡಿಕೆ ಉದುರಿ ಅಂಗಳದ ತುಂಬ ಬಿದ್ದ ವರ್ಷ ಅವಳಿಗೆ ಶಿಲೀಂಧ್ರದ ಬಗ್ಗೆ ಕುತೂಹಲ ಹುಟ್ಟಿದ್ದು. 650 ಪದದಲ್ಲಿ ಇಷ್ಟು ಚೆಂದದ ವಿಷಯ ಹೇಳಿದ್ದಾಳೆ. ಅದೇ ಅರ್ಜಿಯ ಇನ್ನೊಂದು ಪುಟದಲ್ಲಿ 3 ಕೋಟಿ ನಾವೇ ಕಟ್ಟುತ್ತೇವೆ ಎಂದು ಇದೆ. ಎರಡನ್ನೂ ಓದುವವರು ಒಬ್ಬರೇ. ನಿಮ್ಮ ಮಗಳು ನಿಜ ಹೇಳಿದ್ದಾಳೆ, ಅವಳ ಹೆಸರಿನಲ್ಲಿ ನೀವು ಸುಳ್ಳು ಹೇಳಿಸಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಬೇರೆ ಪದ ನನಗೆ ಸಿಗಲಿಲ್ಲ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮನೆಯ ಹಣದ ಲೆಕ್ಕ ಮಕ್ಕಳಿಗೆ ಗೊತ್ತಿರಬೇಕು. ನನ್ನ ಅಪ್ಪ ನನ್ನ ಹಾಸ್ಟೆಲ್ ಫೀಸಿಗೆ ಅಮ್ಮನ ಸರ ಅಡವಿಟ್ಟಿದ್ದು ನನಗೆ ಗೊತ್ತಾಗಿದ್ದು ನನ್ನ ಮದುವೆಯಾದ ಮೇಲೆ. ಗೊತ್ತಿದ್ದರೆ ಊರಿನಲ್ಲೇ ಓದುತ್ತಿದ್ದೆ. ಆ ಆಯ್ಕೆ ನನಗೆ ಯಾರೂ ಕೊಡಲಿಲ್ಲ. ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು, ಆ ನೋವು ಇನ್ನೂ ಹೋಗಿಲ್ಲ.

ನೀವು ಮಾಡಬೇಕಾದ್ದು ಒಂದೇ ಕೆಲಸ. ನಾಳೆ ಬೆಳಗ್ಗೆ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಪಾಸ್‌ವರ್ಡ್ ವಾಪಸ್ ತೆಗೆದುಕೊಳ್ಳಿ, ಮಗಳಿಗೆ ಕೊಡಿ, ಕೊಟ್ಟ ಮೇಲೆ ಅವಳೇ ಅದನ್ನು ಬದಲಾಯಿಸಲಿ. ಅರ್ಜಿ ಇನ್ನೂ ಹೋಗಿಲ್ಲ ಅಂದಿರಿ, ಹಾಗಾಗಿ ಎಲ್ಲವನ್ನೂ ತಿದ್ದಬಹುದು. ನೆರವು ಬೇಕು ಎಂದು ಹಾಕಿ, ಸಿಎಸ್‌ಎಸ್ ಪ್ರೊಫೈಲ್ ಎಂಬ ಆದಾಯದ ಫಾರಂ ತುಂಬಿ.

ಯಾವ ಕಾಲೇಜು ಎಂದು ಕೇಳಿದ್ದಿರಲ್ಲ, ಉತ್ತರವೂ ಇಲ್ಲೇ ಇದೆ. ಹೊರದೇಶದ ಮಕ್ಕಳು ನೆರವು ಕೇಳಿದರೆ ವಿಲಿಯಮ್ಸ್, ಸ್ವಾರ್ತ್‌ಮೋರ್‌ಗಳು ಆಯ್ಕೆ ಮಾಡುವಾಗ ಅದನ್ನೂ ಗಮನಿಸುತ್ತವೆ. ನಿಮ್ಮ ಕನ್ಸಲ್ಟೆಂಟ್ ಮಾತಿನಲ್ಲಿ ಅಷ್ಟು ನಿಜ ಇದೆ. ಬೋಡನ್ ಗಮನಿಸುವುದಿಲ್ಲ, 2022ರಿಂದ ಹೊರದೇಶದವರಿಗೂ ಅದೇ ನಿಯಮ. ಇಂಥದ್ದೇ ಇನ್ನೊಂದು ಕಾಲೇಜು ಆ್ಯಮ್ಹರ್ಸ್ಟ್ ಕೂಡ ಹಾಗೆಯೇ. ಸೀಟು ಕೊಟ್ಟರೆ ಮನೆಯವರ ಕೈಯಲ್ಲಿ ಆಗದ ಹಣವನ್ನು ಕಾಲೇಜೇ ತುಂಬುತ್ತದೆ, ಸಾಲ ಹೊರಿಸದೆ. ಮನೆಯಲ್ಲಿ ಮೂವರು ದೊಡ್ಡವರು ವಾದ ಮಾಡುತ್ತಿದ್ದಾಗ ನಿಮ್ಮ ಮಗಳು ಒಬ್ಬಳೇ ಸರಿಯಾದ ಹೆಸರು ಹೇಳಿದ್ದಳು. ಬೋಡನ್‌ಗೆ ಹಾಕಲಿ. ಸಿಗದೇ ಹೋಗಬಹುದು, ನೂರು ಅರ್ಜಿಯಲ್ಲಿ ಹತ್ತಕ್ಕೂ ಸೀಟು ಸಿಗದ ಜಾಗ ಅದು. ಸಿಗದಿದ್ದರೆ ಜನವರಿಯಲ್ಲಿ ಉಳಿದ ಕಾಲೇಜುಗಳಿಗೆ, ಅಲ್ಲೂ ನೆರವು ಕೇಳಿಯೇ. ಜೊತೆಗೆ ಬೆಂಗಳೂರು ಹತ್ತಿರದ ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಬಯಾಲಜಿ ಕೋರ್ಸಿಗೂ ಅರ್ಜಿ ಇರಲಿ. ಅಲ್ಲೂ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ, ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸಾಗರಕ್ಕೆ ಬರಬಹುದು.

ದೀಪಾವಳಿಗೆ ಬರುತ್ತಾಳೆ ಎಂದು ಬರೆದಿದ್ದೀರಿ. ಗೋಪೂಜೆ ಮುಗಿದ ಸಂಜೆ ಮೂವರೂ ಜಗಲಿಯಲ್ಲಿ ಕೂತುಕೊಳ್ಳಿ. ಯಜಮಾನರು ಸೊಸೈಟಿ ಸಾಲದ ಪುಸ್ತಕ, ಹೋದ ವರ್ಷದ ಅಡಿಕೆ ಮಂಡಿಯ ಚೀಟಿಗಳನ್ನು ತರಲಿ. ನೀವು ಸಂಬಳದ ಚೀಟಿ ತನ್ನಿ. ಆ ಫಾರಂನಲ್ಲಿ ಕೇಳುವುದೂ ಅವನ್ನೇ. ಅವಳೇ ಕೂಡಿಸಿ ಕಳೆದು ತುಂಬಲಿ, ನೀವಿಬ್ಬರೂ ಪಕ್ಕದಲ್ಲಿರಿ.